ಕೇಳದೆ ಕೊಟ್ಟ ಮದ್ದು



ಐವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾಗುವವನನ್ನು ಲೋಕ ಎರಡು ಬಗೆಯಾಗಿ ನೋಡುತ್ತದೆ. ಕೆಲವರು ಜ್ಞಾನದಾಹವೆಂದು ಹೊಗಳುತ್ತಾರೆ, ಕೆಲವರು ಮಾಡಲು ಬೇರೆ ಕೆಲಸವಿಲ್ಲವೆಂದು ನಗುತ್ತಾರೆ. 2021ರಲ್ಲಿ ನಾನು ಜೀವನಶೈಲಿ ವೈದ್ಯಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗಕ್ಕೆ ಹೆಸರು ನೋಂದಾಯಿಸಿದಾಗ ಗುಂಡ್ಲುಪೇಟೆಯ ಮಿತ್ರರು ಈ ಎರಡೂ ಮಾತುಗಳನ್ನು ಆಡಿದರು. ಆದರೆ ಎರಡೂ ಸತ್ಯವಾಗಿರಲಿಲ್ಲ. ನನ್ನನ್ನು ಮತ್ತೆ ಪುಸ್ತಕದ ಮುಂದೆ ಕೂರಿಸಿದ್ದು ಹಿರಿಯ ರೈತರೊಬ್ಬರು ಕೇಳಿದ ಒಂದು ಪ್ರಶ್ನೆ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಅವರ ಜಮೀನು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಗಿದೆ. ಅರಿಶಿನ, ಸಣ್ಣ ಈರುಳ್ಳಿ, ಒಂದಿಷ್ಟು ರಾಗಿ ಅವರ ಬೆಳೆಗಳು. 2006ರಲ್ಲಿ ಅವರಿಗೆ ಮಧುಮೇಹವಿರುವುದನ್ನು ಮೊದಲು ಗುರುತಿಸಿದವನು ನಾನೇ. ಅಂದಿನಿಂದ ಎರಡು ತಿಂಗಳಿಗೊಮ್ಮೆ ತಪ್ಪದೆ ನನ್ನ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ರಕ್ತಪರೀಕ್ಷೆಯ ಚೀಟಿ ನೋಡುತ್ತಿದ್ದೆ, ಮಾತ್ರೆ ಬರೆಯುತ್ತಿದ್ದೆ, “ಸಕ್ಕರೆ ಬಿಡಿ ಯಜಮಾನ್ರೇ, ಸ್ವಲ್ಪ ನಡೀರಿ” ಎನ್ನುತ್ತಿದ್ದೆ. ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಒಬ್ಬರಿಗೆ ಮೂರು ನಿಮಿಷಕ್ಕಿಂತ ಹೆಚ್ಚು ಸಮಯ ಕೊಡುವುದು ಸಾಧ್ಯವಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಹೀಗೆಯೇ ಹದಿಮೂರು ವರ್ಷಗಳು ಸಂದವು.

2019ರ ಆರಂಭದಲ್ಲಿ, ಅರಿಶಿನ ಬೇಯಿಸುವ ಕಾಲದಲ್ಲಿ, ಅವರು ಬರಿಗಾಲಿನಲ್ಲಿ ಒಲೆಯ ಪಕ್ಕದ ಕೆಂಡ ತುಳಿದರು. ತುಳಿದದ್ದು ಅವರಿಗೆ ತಿಳಿಯಲೇ ಇಲ್ಲ. ಸಂಜೆಯವರೆಗೂ ಕೆಲಸ ಮಾಡಿದರು. ನಾಲ್ಕನೆಯ ದಿನ ವಾಸನೆ ಬರುತ್ತಿದೆಯೆಂದು ಸೊಸೆ ನೋಡಿದಾಗ ಪಾದದ ಅಡಿ ಕಪ್ಪಾಗಿತ್ತು. ಮೈಸೂರಿಗೆ ಕಳಿಸಿದೆ. ಮೊದಲು ಎರಡು ಬೆರಳು ಹೋದವು, ಅನಂತರ ಮುಂಗಾಲೇ ಹೋಯಿತು. ಊರಿಗೆ ಮರಳಿದ ಮೇಲೆ ಮಗನ ಹೆಗಲು ಹಿಡಿದು ಬಂದು ನನ್ನೆದುರು ಕುಳಿತರು. ಕೋಪವಿರಲಿಲ್ಲ, ದೂರೂ ಇರಲಿಲ್ಲ. “ಡಾಕ್ಟ್ರೇ, ಒಂದು ದಿನಾನೂ ಮಾತ್ರೆ ತಪ್ಪಿಸ್ಲಿಲ್ಲ ನಾನು. ಇನ್ನೇನು ಮಾಡ್ಬೇಕಾಗಿತ್ತು?” ಎಂದು ಕೇಳಿದರು.

ಅಂದು ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ದೀರ್ಘಕಾಲದ ಮಧುಮೇಹ ಪಾದದ ನರಗಳ ಸ್ಪರ್ಶಜ್ಞಾನವನ್ನು ಕಸಿಯುತ್ತದೆಂಬುದು ವೈದ್ಯಕೀಯ ವಿದ್ಯಾರ್ಥಿಯೊಬ್ಬನಿಗೂ ತಿಳಿದ ಸಂಗತಿ. ನನಗೂ ತಿಳಿದಿತ್ತು. ಆದರೆ ಹದಿಮೂರು ವರ್ಷಗಳಲ್ಲಿ ಒಂದು ಬಾರಿಯೂ ನಾನು ಅವರ ಪಾದವನ್ನು ನೋಡಿರಲಿಲ್ಲ. ಅದಕ್ಕೆ ನೆಪ ಹೇಳಲೂ ನನಗೆ ದಾರಿಯಿಲ್ಲ. ನಮ್ಮ ಕಡೆಯ ಹಿರಿಯರು ವೈದ್ಯನ ಕೋಣೆಗೂ ಚಪ್ಪಲಿ ಮೆಟ್ಟಿ ಬರುವುದಿಲ್ಲ, ಬಾಗಿಲ ಹೊರಗೇ ಬಿಟ್ಟು ಬರುತ್ತಾರೆ. ಪ್ರತಿ ಸಲವೂ ಆ ಪಾದಗಳು ನನ್ನ ಮೇಜಿನಡಿಯಲ್ಲಿ ಬರಿದಾಗಿಯೇ ಇದ್ದವು. ನಾನು ಬಗ್ಗಲಿಲ್ಲ, ಅಷ್ಟೆ.

ಈ ಅಪರಾಧಭಾವವೇ ನನ್ನನ್ನು ವ್ಯಾಸಂಗಕ್ಕೆ ತಂದಿತು. ಜೀವನಶೈಲಿ ವೈದ್ಯಶಾಸ್ತ್ರವೆಂಬ ಹೆಸರು ಹೊಸದಾಗಿ ಕೇಳಿಸಬಹುದು. ಅಮೆರಿಕದಲ್ಲಿ ಇದಕ್ಕೆಂದೇ ವೈದ್ಯರ ಸಂಸ್ಥೆಯೊಂದು ಹುಟ್ಟಿದ್ದು 2004ರಲ್ಲಿ. ಆಹಾರ, ದೈಹಿಕ ಚಟುವಟಿಕೆ, ನಿದ್ರೆ, ಮನಸ್ಸಿನ ಒತ್ತಡದ ನಿರ್ವಹಣೆ, ತಂಬಾಕು ಮದ್ಯಗಳಿಂದ ದೂರವಿರುವುದು, ಜನರೊಡನೆ ಒಳ್ಳೆಯ ಒಡನಾಟ ಎಂಬ ಆರು ಕಂಬಗಳ ಮೇಲೆ ಈ ಶಾಸ್ತ್ರ ನಿಂತಿದೆ. ಇದು ಔಷಧವನ್ನು ತಿರಸ್ಕರಿಸುವ ಪದ್ಧತಿಯಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ‘ಮಾತ್ರೆಯಿಲ್ಲದೆ ಸಕ್ಕರೆ ಕಾಯಿಲೆ ಮಾಯ’ ಎಂದು ನಂಬಿಸಿ ಇನ್ಸುಲಿನ್ ಬಿಡಿಸಿ ಜನರನ್ನು ಅಪಾಯಕ್ಕೆ ದೂಡುವವರು ಬಹಳ ಮಂದಿ ಇದ್ದಾರೆ. ಔಷಧ ಬೇಕಾದವರಿಗೆ ಔಷಧ ಬೇಕೇ ಬೇಕು. ಅದರ ಜೊತೆಗೆ ಆ ವ್ಯಕ್ತಿ ಹೇಗೆ ಬದುಕುತ್ತಿದ್ದಾನೆಂಬುದನ್ನು ಕೇಳಿ ತಿಳಿದು, ಅದನ್ನೂ ಚಿಕಿತ್ಸೆಯ ಭಾಗವಾಗಿಸಬೇಕೆಂಬುದೇ ಈ ಶಾಸ್ತ್ರದ ಹೇಳಿಕೆ.

ನಮ್ಮವರಿಗೆ ಇದು ಪೂರ್ಣ ಹೊಸತೇನೂ ಅಲ್ಲ. ಆಯುರ್ವೇದದ ಗ್ರಂಥಗಳಲ್ಲಿ ದಿನಚರ್ಯೆ, ಋತುಚರ್ಯೆಗಳ ನಿರೂಪಣೆಯಿದೆ. ‘ಪಥ್ಯ’ ಎಂಬ ಮಾತನ್ನೇ ನೋಡಿ. ‘ಪಥ’ ಎಂದರೆ ದಾರಿ, ದಾರಿಗೆ ಹೊಂದುವುದು ಪಥ್ಯ. ಕಾಲಕ್ರಮದಲ್ಲಿ ಅದು ‘ತಿನ್ನಬಾರದವುಗಳ ಪಟ್ಟಿ’ ಎಂಬಷ್ಟಕ್ಕೆ ಕುಗ್ಗಿಹೋಯಿತು. ವೈದ್ಯರೂ ಹಾಗೆಯೇ ಬಳಸಿದೆವು: ಇದು ಬಿಡಿ, ಅದು ಬಿಡಿ. ಬಿಟ್ಟವನು ಯಾವ ದಾರಿಯಲ್ಲಿ ನಡೆಯಬೇಕೆಂಬುದನ್ನು ಹೇಳಲಿಲ್ಲ.

ನಾನು ಸೇರಿದ ವ್ಯಾಸಂಗ ವೃತ್ತಿಯಲ್ಲಿರುವವರಿಗೆಂದೇ ರೂಪಿಸಿದ್ದು, ಮನೆಯಿಂದಲೇ ಓದಬಹುದಾದದ್ದು. ವೈದ್ಯರ ಜೊತೆಗೆ ಶುಶ್ರೂಷಕಿಯರು, ಆಹಾರತಜ್ಞರು, ಫಿಸಿಯೋಥೆರಪಿಸ್ಟರೂ ಸಹಪಾಠಿಗಳಾಗಿದ್ದರು. ಶರೀರಶಾಸ್ತ್ರದ ದೊಡ್ಡ ಪಾಠವನ್ನು ನಿರೀಕ್ಷಿಸಿದ್ದ ನನಗೆ ಮೊದಲ ಅಭ್ಯಾಸವೇ ವಿಚಿತ್ರವಾಗಿ ಕಂಡಿತು. ಏಳು ದಿನ ನಿಮ್ಮದೇ ಊಟ, ನಿದ್ರೆ, ನಡಿಗೆಗಳ ದಿನಚರಿ ಬರೆದು ಒಪ್ಪಿಸಿ ಎಂದರು. ಬರೆದೆ. ಎರಡು ಚಮಚ ಸಕ್ಕರೆ ಹಾಕಿದ ಚಹಾ ದಿನಕ್ಕೆ ಆರು ಲೋಟ. ಮನೆಯಿಂದ ಚಿಕಿತ್ಸಾಲಯಕ್ಕೆ ನಡೆದರೆ ಹತ್ತು ನಿಮಿಷ, ಆದರೂ ಹೋಗುವುದು ಸ್ಕೂಟರಿನಲ್ಲಿ. ರಾತ್ರಿ ಹತ್ತೂವರೆಗೆ ಊಟ. ಐದು ಗಂಟೆಯ ನಿದ್ರೆ. ಅದೇ ವಾರ ರಕ್ತಪರೀಕ್ಷೆ ಮಾಡಿಸಿಕೊಂಡಾಗ ನಾನೂ ಮಧುಮೇಹದ ಹೊಸ್ತಿಲಲ್ಲಿ ನಿಂತಿರುವುದು ತಿಳಿಯಿತು. ದಿನಕ್ಕೆ ಮೂವತ್ತು ಜನರಿಗೆ “ನಡೀರಿ” ಎಂದು ಹೇಳುತ್ತಿದ್ದವನು ಹತ್ತು ನಿಮಿಷ ನಡೆಯುತ್ತಿರಲಿಲ್ಲ!

ನುಡಿಗೂ ನಡೆಗೂ ಅಂತರವಿರಕೂಡದೆಂಬುದನ್ನು ಶರಣರು ಮತ್ತೆ ಮತ್ತೆ ಹೇಳಿದ್ದಾರೆ. ಆ ಮಾತನ್ನು ಸಭೆಗಳಲ್ಲಿ ಕೇಳಿ ತಲೆದೂಗಿದವನೇ ನಾನು. ಅದು ಧಾರ್ಮಿಕ ಆಚರಣೆಗೆ ಸಂಬಂಧಿಸಿದ್ದೆಂದು ತಿಳಿದಿದ್ದೆನೇ ಹೊರತು ನನ್ನ ಔಷಧದ ಚೀಟಿಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ವೈದ್ಯವೃತ್ತಿಯೇ ಅವರ ಕಾಯಕ. ರೋಗ, ಔಷಧಗಳ ಪರಿಭಾಷೆಯಲ್ಲಿಯೇ ಅವರು ಭಕ್ತಿಯನ್ನು ಕುರಿತು ವಚನಗಳನ್ನು ರಚಿಸಿದರು. ಅವರ ಹೆಸರನ್ನು ಓದಿದಾಗಲೆಲ್ಲ ಈಗ ನನಗೊಂದು ಸಂಕೋಚ. ಕಾಯಕವೆಂದರೆ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದಿರುವುದು ಎಂದು ನಾನು ತಿಳಿದಿದ್ದೆ. ಬಿಡುವಿಲ್ಲದಿರುವುದು ಬೇರೆ, ಎದುರಿಗೆ ಕುಳಿತವನ ಕಡೆ ಲಕ್ಷ್ಯವಿರುವುದು ಬೇರೆ.

ಎರಡನೆಯ ಪಾಠ ಕಲಿಸಿದವರು ಅಧ್ಯಾಪಕರಲ್ಲ, ಚಾಮರಾಜನಗರದಿಂದ ಬಂದಿದ್ದ ಸಹಪಾಠಿ ಶುಶ್ರೂಷಕಿ. ರೋಗಿಗಳ ಆಹಾರದ ವಿವರ ಸಂಗ್ರಹಿಸುವ ಅಭ್ಯಾಸದಲ್ಲಿ ನನಗೆ ಎಲ್ಲರಿಂದಲೂ ಒಂದೇ ಉತ್ತರ ಬರುತ್ತಿತ್ತು: “ಮುದ್ದೆ, ಸೊಪ್ಪು, ಅಷ್ಟೇ ಸ್ವಾಮಿ.” ಆಕೆ ನಕ್ಕು ಹೇಳಿದರು: “ಸರ್, ನೀವು ‘ಏನು ತಿಂತೀರಿ’ ಅಂತ ಕೇಳ್ತೀರಿ. ಅದಕ್ಕೆ ಅವರು ಏನು ತಿನ್ಬೇಕೋ ಅದನ್ನ ಹೇಳ್ತಾರೆ. ‘ನಿನ್ನೆ ಎದ್ದ ಮೇಲೆ ಮೊದಲು ಏನು ಕುಡಿದ್ರಿ’ ಅಂತ ಕೇಳಿ ನೋಡಿ.” ಕೇಳಿ ನೋಡಿದೆ. ನಿನ್ನೆಯ ದಿನ ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿತು. ಹೊಲಕ್ಕೆ ಹೋಗುವ ಮೊದಲು ಚಹಾ, ಬೇಕರಿಯ ಬನ್ನು, ಮಂಡಿಯಲ್ಲಿ ಮತ್ತೆ ಚಹಾ, ಮೂರು ಹೊತ್ತೂ ಅನ್ನ, ನಂಚಿಕೊಳ್ಳಲು ಉಪ್ಪಿನಕಾಯಿ, ಸಂಜೆ ಬೋಂಡ. ಮುದ್ದೆ ಉಣ್ಣುವವರಲ್ಲಿಯೂ ‘ರಾಗಿ ಎಷ್ಟು ತಿಂದರೂ ದೋಷವಿಲ್ಲ’ ಎಂಬ ನಂಬಿಕೆಯಿತ್ತು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು ನಿಜ. ಆದರೆ ಅದರಲ್ಲೂ ಬಹುಪಾಲು ಪಿಷ್ಟವೇ. ಎರಡು ದೊಡ್ಡ ಮುದ್ದೆಯ ಬದಲು ಒಂದು ಸಣ್ಣ ಮುದ್ದೆ, ಜೊತೆಗೆ ಹುರುಳಿ ಅಥವಾ ಅವರೆಯ ಸಾರು, ಧಾರಾಳ ಸೊಪ್ಪು ಎಂದು ಹೇಳಿದಾಗ ಅದು ಅವರ ಅಡಿಗೆಮನೆಯ ಮಾತಾಯಿತು. ಓಟ್ಸ್ ತಿನ್ನಿ ಎಂಬ ನನ್ನ ಹಳೆಯ ಸಲಹೆಗೆ ಅವರ ಮನೆಯಲ್ಲಿ ಸ್ಥಳವೇ ಇರಲಿಲ್ಲ.

ಇಷ್ಟು ಸಣ್ಣ ಬದಲಾವಣೆಗಳಿಂದ ಆಗುವುದೇನು ಎಂದು ಕೇಳಬಹುದು. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು. ಇವರೆಲ್ಲ ಕಾಯಿಲೆಯ ಹೊಸ್ತಿಲಲ್ಲಿದ್ದವರು. ದೇಹದ ತೂಕವನ್ನು ಶೇಕಡಾ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿಯಿಟ್ಟುಕೊಂಡ ಗುಂಪಿನಲ್ಲಿ ಮಧುಮೇಹಕ್ಕೆ ತುತ್ತಾಗುವ ಪ್ರಮಾಣ ಶೇಕಡಾ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ಪಡೆದ ಗುಂಪಿನಲ್ಲಿ ಅದು ಶೇಕಡಾ 31. ಅದು ಅಮೆರಿಕದ ಮಾತೆಂದರೆ, ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು 531 ಭಾರತೀಯರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ಜೀವನಕ್ರಮವನ್ನು ತಿದ್ದಿಕೊಂಡವರಲ್ಲಿ ಅದು ನೂರಕ್ಕೆ 39. ಪವಾಡವಲ್ಲ, ನಿಜ. ಆದರೆ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಲ್ಲಿ ನಿಂತ ನೂರರಲ್ಲಿ ಹದಿನಾರು ಮಂದಿ ಒಳಗೆ ಬೀಳದೆ ಉಳಿದರೂ ಅದು ಸಣ್ಣ ಸಂಗತಿಯಲ್ಲ. ಇದರಲ್ಲಿ ರಹಸ್ಯವೂ ಏನಿಲ್ಲ. ದುಡಿಯುವ ಸ್ನಾಯು ಇನ್ಸುಲಿನ್ನಿನ ಹೆಚ್ಚಿನ ನೆರವನ್ನು ಬೇಡದೆ ರಕ್ತದ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ. ಊಟವಾದ ಮೇಲೆ ಹದಿನೈದು ನಿಮಿಷ ಊರೊಳಗೆ ತಿರುಗಾಡುವುದರ ಫಲ ಅದೇ.

ಆದರೆ ‘ಜೀವನಶೈಲಿ’ ಎಂಬ ಪದದಲ್ಲೇ ಒಂದು ತೊಡಕಿದೆ. ಶೈಲಿಯೆಂದರೆ ನಾವು ಇಷ್ಟಪಟ್ಟು ಆರಿಸಿಕೊಂಡದ್ದು ಎಂಬ ಭಾವ ಬರುತ್ತದೆ. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನರಿಗೆ ಆ ಆಯ್ಕೆಯಿದೆ? ಬಂಡೀಪುರದ ಕಾಡಂಚಿನ ರೈತರೊಬ್ಬರಿಗೆ ದಿನಕ್ಕೆ ಏಳು ಗಂಟೆ ನಿದ್ರೆ ಮಾಡಿ ಎಂದು ಪುಸ್ತಕದಲ್ಲಿದ್ದಂತೆ ಹೇಳಿದೆ. ಅವರು ನನ್ನ ಮುಖ ನೋಡಿ, “ಆನೆ, ಹಂದಿಗೆ ನೀವು ಹೇಳ್ತೀರಾ ಸ್ವಾಮಿ?” ಎಂದರು. ಬೆಳೆ ಕೊಯ್ಲಿಗೆ ಬರುವ ತಿಂಗಳುಗಳಲ್ಲಿ ಅವರು ಅಟ್ಟಣೆಯ ಮೇಲೆ ಕುಳಿತು ರಾತ್ರಿ ಕಳೆಯುವವರು. ಕೇರಳಕ್ಕೆ ತರಕಾರಿ ಸಾಗಿಸುವ ಲಾರಿ ಚಾಲಕರ ಸ್ಥಿತಿಯೂ ಹಾಗೆಯೇ. ಬಂಡೀಪುರದ ಮೂಲಕ ರಾತ್ರಿ ಸಂಚಾರ 2009ರಿಂದ ನಿಷಿದ್ಧ. ವನ್ಯಜೀವಿಗಳ ದೃಷ್ಟಿಯಿಂದ ಅದು ಬೇಕಾದದ್ದೇ. ಆದರೆ ಗೇಟು ಮುಚ್ಚುವ ಮೊದಲು ದಾಟಲು ಊಟ ಬಿಟ್ಟು ಓಡುವವರು, ದಾಟಲಾಗದೆ ಬೆಳಗಿನವರೆಗೆ ಸ್ಟಿಯರಿಂಗಿಗೆ ಒರಗಿ ಕಣ್ಣು ಮುಚ್ಚುವವರು ನನ್ನ ರೋಗಿಗಳಲ್ಲಿ ಹಲವರಿದ್ದಾರೆ. ಇವರಿಗೆ ‘ಶೈಲಿ ಬದಲಿಸಿಕೊಳ್ಳಿ’ ಎಂದು ಉಪದೇಶಿಸುವುದು ಗಾಯದ ಮೇಲೆ ಉಪ್ಪು ಸವರಿದಂತೆ. ಕಾವಲಿನ ಸರದಿಯನ್ನು ಅಣ್ಣತಮ್ಮಂದಿರು ಹಂಚಿಕೊಳ್ಳಬಹುದೇ, ಹಗಲಿನಲ್ಲಿ ಎರಡು ಗಂಟೆ ಮಲಗಲು ಸಾಧ್ಯವೇ ಎಂದು ಅವರೊಡನೆ ಕುಳಿತು ಯೋಚಿಸುವುದಷ್ಟೇ ವೈದ್ಯನಿಂದಾಗುವ ಕೆಲಸ.

ರೋಗಿಯನ್ನು ದೂಷಿಸಕೂಡದೆಂಬುದಕ್ಕೆ ನಮ್ಮ ಮೈಸೂರೇ ಒಂದು ದೊಡ್ಡ ಸಾಕ್ಷ್ಯವನ್ನು ಒದಗಿಸಿದೆ. ಮೈಸೂರಿಗರು ‘ಮಿಷನ್ ಆಸ್ಪತ್ರೆ’ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟ ದಾಖಲೆಗಳಿದ್ದವು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು ಅವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂದಿತೆಂದು 1996ರಲ್ಲಿ ವರದಿಯಾಯಿತು. ಅಂದರೆ ಐವತ್ತರಲ್ಲಿ ಕಾಣಿಸುವ ರೋಗದ ಒಂದು ಬೇರು ತಾಯಿಯ ಗರ್ಭದಲ್ಲಿ, ಆ ತಾಯಿ ಉಂಡ ಅಥವಾ ಉಣ್ಣಲಾಗದೆ ಹೋದ ಅನ್ನದಲ್ಲಿ ಇರಬಹುದು. ಅದನ್ನು ‘ನಿಮ್ಮ ತಪ್ಪು’ ಎಂದು ಯಾರಿಗೆ ಹೇಳುವುದು? ಈ ಅಧ್ಯಯನವನ್ನು ಓದಿದ ಮೇಲೆ ಸೊಸೆಯಂದಿರ ತಟ್ಟೆಯ ಬಗೆಗೂ ಅತ್ತೆಯಂದಿರನ್ನು ಕೇಳುವ ಅಭ್ಯಾಸ ನನಗೆ ಬಂದಿದೆ.

ಇನ್ನೊಂದು ಸೂಕ್ಷ್ಮ ವಿಚಾರವನ್ನು ಈ ಪುಟದ ಓದುಗರೊಡನೆ ಹಂಚಿಕೊಳ್ಳಲೇಬೇಕು. ಜಾತ್ರೆ, ದಾಸೋಹಗಳಲ್ಲಿ ಸಿಹಿ ಬಡಿಸಿದಾಗ ಏನು ಮಾಡಬೇಕೆಂದು ಮಧುಮೇಹಿ ಭಕ್ತರು ನನ್ನನ್ನು ಕೇಳುತ್ತಾರೆ. ಪ್ರಸಾದವನ್ನು ಬೇಡವೆನ್ನಲು ಮನಸ್ಸು ಒಪ್ಪದು, ಎಲೆಗೆ ಬಿದ್ದದ್ದನ್ನು ಬಿಡುವುದೂ ಸಲ್ಲದು. ಮೊದಲೆಲ್ಲ ನಾನು “ತಿನ್ನಲೇಬೇಡಿ” ಎಂದು ಗದರುತ್ತಿದ್ದೆ. ಅವರು ತಲೆಯಾಡಿಸಿ ಹೋಗಿ ತಿನ್ನುತ್ತಿದ್ದರು, ಮುಂದಿನ ಸಲ ನನಗೆ ಹೇಳದೆ ಮುಚ್ಚಿಡುತ್ತಿದ್ದರು. ಈಗ ಹೇಳುವುದು ಇಷ್ಟೆ: ಬಡಿಸುವ ಮೊದಲೇ ಕೈಮುಗಿದು ‘ಒಂದು ಚಿಟಿಕೆ ಸಾಕು’ ಎನ್ನಿ. ಪ್ರಸಾದದ ಮಹಿಮೆ ಅದರ ಪ್ರಮಾಣದಲ್ಲಿಲ್ಲ. ಬಡಿಸುವ ಶರಣರೂ ಒತ್ತಾಯ ಮಾಡದಿದ್ದರೆ ಅದೂ ಒಂದು ಸೇವೆಯೇ.

ವ್ಯಾಸಂಗದ ಕೊನೆಯಲ್ಲಿ ಸಮುದಾಯದೊಡನೆ ಒಂದು ಕೆಲಸ ಮಾಡಬೇಕಿತ್ತು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ, ತೆರಕಣಾಂಬಿಯ ಆಚೆಗಿನ ಒಂದು ಹಳ್ಳಿಯನ್ನು ಆ ಶುಶ್ರೂಷಕಿಯೂ ನಾನೂ ಆರಿಸಿಕೊಂಡೆವು. ಆಶಾ ಕಾರ್ಯಕರ್ತೆಯ ನೆರವಿನಿಂದ ವಾರಕ್ಕೊಮ್ಮೆ ಸಂಜೆ ಜಗಲಿಯ ಮೇಲೆ ಸೇರುತ್ತಿದ್ದೆವು. ಭಾಷಣವಿಲ್ಲ. ನಿನ್ನೆಯ ಊಟದ ಮಾತು, ಒಂದಿಷ್ಟು ನಡಿಗೆ, ಕೊನೆಯಲ್ಲಿ ಪಾದದ ಪರೀಕ್ಷೆ. ಈ ಪರೀಕ್ಷೆಗೆ ಬೇಕಾದದ್ದು ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ. ಕಣ್ಣು ಮುಚ್ಚಿಸಿ, ಎಳೆಯನ್ನು ಹೆಬ್ಬೆರಳಿನ ಅಡಿಗೆ ಮತ್ತು ಅಂಗಾಲಿನ ಮುಂಭಾಗಕ್ಕೆ ಮುಟ್ಟಿಸಿ, ಮುಟ್ಟಿದ್ದು ತಿಳಿಯಿತೇ ಎಂದು ಕೇಳಬೇಕು. ಎರಡು ನಿಮಿಷದ ಕೆಲಸ. ತಿಳಿಯಲಿಲ್ಲವೆಂದರೆ ಆ ಪಾದ ಅಪಾಯದಲ್ಲಿದೆ ಎಂದರ್ಥ. ಅಂಥವರು ಬರಿಗಾಲಿನಲ್ಲಿ ಹೆಜ್ಜೆಯಿಡಕೂಡದು, ಪ್ರತಿ ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಮೊದಲ ಸಂಜೆಯೇ ಕೆಲವರಿಗೆ ತಿಳಿಯಲಿಲ್ಲ. ಅವರಲ್ಲೊಬ್ಬ ತಾಯಿ ನಾನು ಎಳೆಯನ್ನು ತೆಗೆದ ಎಷ್ಟೋ ಹೊತ್ತಿನ ಮೇಲೂ ಕಣ್ಣು ಮುಚ್ಚಿಕೊಂಡೇ, “ಇನ್ನೂ ಮುಟ್ಟಿಸ್ಲಿಲ್ವಾ ಮಗಾ?” ಎಂದು ಕೇಳುತ್ತಿದ್ದರು.

ನಮ್ಮ ಜಿಲ್ಲೆಯಲ್ಲಿ ಈ ದಾರಿಯನ್ನು ಬಹಳ ಹಿಂದೆಯೇ ತೋರಿದವರಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ ಡಾ. ಎಚ್. ಸುದರ್ಶನ್ ಸೋಲಿಗರ ನಡುವೆ ಚಿಕಿತ್ಸೆಯಿಂದ ತೊಡಗಿ ಶಾಲೆ, ಜೀವನೋಪಾಯಗಳವರೆಗೆ ಕೆಲಸವನ್ನು ವಿಸ್ತರಿಸಿದರು. ಆರೋಗ್ಯ ಔಷಧದ ಕಪಾಟಿನಲ್ಲಷ್ಟೇ ಇಲ್ಲವೆಂಬುದನ್ನು ಅವರು ನಡೆದು ತೋರಿಸಿದರು. 2016ರಿಂದ ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಅಲ್ಲಿಂದ ಹೊರಬರುವ ತರುಣ ವೈದ್ಯರು ನಾನು ಐವತ್ತರ ಮೇಲೆ ಕಲಿತದ್ದನ್ನು ಇಪ್ಪತ್ತೈದರಲ್ಲೇ ಕಲಿಯಲೆಂಬುದು ನನ್ನ ಹಾರೈಕೆ. ಅದಕ್ಕೆ ಇನ್ನೊಂದು ಪದವಿಯೇ ಬೇಕೆಂದಿಲ್ಲ. ಆದರೆ ಪದವಿಯ ನೆಪದಲ್ಲಾದರೂ ಯಾರಾದರೂ ನಮ್ಮನ್ನು ಕೂರಿಸಿ ನಮ್ಮದೇ ದಿನಚರಿ ಬರೆಸದಿದ್ದರೆ ನನ್ನಂಥವರು ಕಲಿಯುವುದು ಕಷ್ಟ.

ಈಗ ಚಿಕಿತ್ಸಾಲಯಕ್ಕೆ ನಡೆದೇ ಹೋಗುತ್ತೇನೆ. ಚಹಾ ಎರಡು ಲೋಟಕ್ಕೆ ಇಳಿದಿದೆ. ಮೂರು ನಿಮಿಷದ ಲೆಕ್ಕವನ್ನು ಬಿಟ್ಟಿದ್ದೇನೆ. ಆದ್ದರಿಂದ ನೋಡುವ ರೋಗಿಗಳ ಸಂಖ್ಯೆಯೂ ಆದಾಯವೂ ಕಡಿಮೆಯಾಗಿವೆ. ಕಾಯುವುದು ಹೆಚ್ಚಾಯಿತೆಂದು ಬೇಸರಗೊಂಡು ಕೆಲವರು ಬೇರೆ ಕಡೆ ಹೋಗುವುದೂ ಉಂಟು. ಎಲ್ಲರ ಸಕ್ಕರೆಯೂ ಹತೋಟಿಗೆ ಬಂದಿದೆಯೆಂದು ಹೇಳಿದರೆ ಸುಳ್ಳಾದೀತು. ಆದರೆ ಪಾದ ನೋಡದೆ ಯಾವ ಮಧುಮೇಹಿಯನ್ನೂ ಕಳಿಸಿಲ್ಲ.

ಆ ಯಜಮಾನರು ಈಗಲೂ ಬರುತ್ತಾರೆ. ಮುಂಗಾಲಿಲ್ಲದ ಪಾದಕ್ಕೆ ಹೊಲಿಸಿದ ವಿಶೇಷ ಚಪ್ಪಲಿಯಿದೆ. ಅದನ್ನು ಹೊರಗೆ ಬಿಡಬೇಡಿರೆಂದು ನಾನು ಎಷ್ಟು ಹೇಳಿದರೂ ಬಾಗಿಲಲ್ಲಿ ಒಂದು ಕ್ಷಣ ತಡೆದೇ ಒಳಗೆ ಬರುತ್ತಾರೆ. ಕಳೆದ ಸಲ ಬಂದಾಗ, ಸರದಿಯಲ್ಲಿ ಕುಳಿತಿದ್ದ ಮಧ್ಯವಯಸ್ಕರೊಬ್ಬರಿಗೆ ತಮ್ಮ ಕಾಲು ತೋರಿಸಿ, “ಚೀಟಿ ಆಮೇಲೆ ಕೊಡಪ್ಪ, ಮೊದ್ಲು ಡಾಕ್ಟ್ರಿಗೆ ಕಾಲು ತೋರ್ಸು” ಎನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು. ಅವರ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಹೇಳಿಲ್ಲ. ಅವರು ಮಾಡಬೇಕಾದದ್ದೇನೂ ಉಳಿದಿರಲಿಲ್ಲ, ಮಾಡಬೇಕಾಗಿದ್ದವನು ನಾನು ಎಂದು ಹೇಳಿ ಒಮ್ಮೆ ಕ್ಷಮೆ ಕೇಳಿದೆ. “ಬುಡಿ ಡಾಕ್ಟ್ರೇ” ಎಂದು ಎದ್ದು ಹೋದರು.

ಬಂಧುಗಳೇ, ಹಬ್ಬಹರಿದಿನಗಳಲ್ಲಿ ನಾವು ಮನೆಯ ಹಿರಿಯರ ಪಾದ ಮುಟ್ಟಿ ನಮಸ್ಕರಿಸುತ್ತೇವೆ. ಮುಂದಿನ ಸಲ ಬಾಗಿದಾಗ ಕೂಡಲೇ ಏಳಬೇಡಿ. ಆ ಪಾದಗಳನ್ನು ಕೈಯಲ್ಲಿ ಹಿಡಿದು ಅಂಗಾಲನ್ನು ಒಮ್ಮೆ ನೋಡಿ. ಬಿರುಕಿದೆಯೇ, ಗಾಯವಿದೆಯೇ, ಮುಟ್ಟಿದ್ದು ಅವರಿಗೆ ತಿಳಿಯುತ್ತಿದೆಯೇ ಎಂದು ಕೇಳಿ. ನಿನ್ನೆ ಏನು ಉಂಡರೆಂದೂ ಕೇಳಿ.